ನಾಲ್ಕನೇ ಕ್ಲಾಸಿನ ಬೆಂಚು: ಶಾಲಾ ಶಿಕ್ಷಣ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ನಮಸ್ಕಾರ. ನಾನು ತಿಪಟೂರು ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡುತ್ತೇನೆ. ಕೆಲಸಕ್ಕೆ ಸೇರಿ 26 ವರ್ಷ ಆಯಿತು. ಸಂಬಳ, ವರ್ಗಾವಣೆ, ಸೋರುವ ಕಟ್ಟಡ ಅಂತ ನಿಮಗೆ ದಿನಾ ಪತ್ರ ಬರುತ್ತಿರುತ್ತವೆ. ನಾನು ಬರೆಯುತ್ತಿರುವುದು ಕೂತಲ್ಲಿ ಕೂರಲಾರದ, ಗಮನ ನಿಲ್ಲದ ಮಕ್ಕಳ ಬಗ್ಗೆ, ಎಡಿಎಚ್‌ಡಿ ಅನ್ನುವ ತೊಂದರೆಯ ಬಗ್ಗೆ. ನಿಮ್ಮ ಜೊತೆ ನನ್ನ ಸಹೋದ್ಯೋಗಿಗಳೂ ಅಪ್ಪ ಅಮ್ಮಂದಿರೂ ಓದಲಿ ಅಂತ ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

2012ರಲ್ಲಿ ನನ್ನ ನಾಲ್ಕನೇ ಕ್ಲಾಸಿಗೆ ಒಬ್ಬ ಹುಡುಗ ಬಂದ. ಹೆಸರು ಹೇಳುವುದಿಲ್ಲ. ಊರಲ್ಲಿ ಅವನನ್ನು ಎಲ್ಲರೂ 'ಚಕ್ರ' ಅಂತ ಕರೆಯುತ್ತಿದ್ದರು. ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದ್ದಾನೆ ಅಂತ. ಬೆಂಚಿನ ಮೇಲೆ ಐದು ನಿಮಿಷ ಕೂರುತ್ತಿರಲಿಲ್ಲ. ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಕೂಗಿಬಿಡುತ್ತಿದ್ದ. ಬಿಸಿಯೂಟದ ಸಾಲಿನಲ್ಲಿ ತನ್ನ ಸರದಿ ಬರುವ ತನಕ ಕಾಯಲು ಆಗುತ್ತಿರಲಿಲ್ಲ. ವಾರಕ್ಕೆ ಎರಡು ಪೆನ್ಸಿಲ್, ಒಂದು ರಬ್ಬರ್ ಕಳೆಯುತ್ತಿದ್ದ. ಒಂದು ಸಲ ಒಂದೇ ಚಪ್ಪಲಿ ಹಾಕಿಕೊಂಡು ಮನೆಗೆ ಹೋಗಿದ್ದ. ಇನ್ನೊಂದು ನಲ್ಲಿಯ ಹತ್ತಿರ ಬಿದ್ದಿತ್ತು.

ಆದರೆ ಬಾಯಿಲೆಕ್ಕದಲ್ಲಿ ಅವನನ್ನು ಮೀರಿಸುವವರು ಆ ಕ್ಲಾಸಿನಲ್ಲಿ ಇರಲಿಲ್ಲ. ಅದೇ ನನ್ನ ಸಿಟ್ಟಿಗೆ ಕಾರಣವಾಯಿತು ಅಂತ ಈಗ ಅನಿಸುತ್ತದೆ. ಬುದ್ಧಿ ಇದೆ, ಬೇಕಂತಲೇ ಹೀಗೆ ಮಾಡುತ್ತಾನೆ ಅಂದುಕೊಂಡೆ.

ಆ ವರ್ಷದ ಒಂದು ಗಣಿತ ಪರೀಕ್ಷೆ ನನಗೆ ಮರೆಯುವುದಿಲ್ಲ. ಪ್ರಶ್ನೆಪತ್ರಿಕೆ ಹಾಳೆಯ ಎರಡೂ ಮಗ್ಗುಲಲ್ಲಿ ಅಚ್ಚಾಗಿತ್ತು. ಮುಂದಿನ ಮಗ್ಗುಲಿನ ಲೆಕ್ಕಗಳನ್ನು ಅವನು ಸರಿಯಾಗಿ ಮಾಡಿದ್ದ. ಹಿಂದಿನ ಮಗ್ಗುಲಿನದು ಒಂದೂ ಇಲ್ಲ. ಹಾಳೆಯನ್ನೇ ತಿರುಗಿಸಿರಲಿಲ್ಲ. "ಯಾಕೋ ಬರೀಲಿಲ್ಲ?" ಅಂದೆ. ಹಾಳೆ ಮಗುಚಿ ನೋಡಿ, "ಇಲ್ಲೂ ಇತ್ತಾ ಮಿಸ್?" ಅಂದ. ಅವನ ಮುಖದಲ್ಲಿ ನಿಜವಾದ ಆಶ್ಚರ್ಯ ಇತ್ತು. ನನಗೆ ಅದು ಕಾಣಲಿಲ್ಲ. ಎದುರು ಮಾತಾಡುತ್ತಾನೆ ಅನಿಸಿತು. ಬೆತ್ತ ತೆಗೆದುಕೊಂಡೆ.

ಮಕ್ಕಳನ್ನು ಹೊಡೆಯಬಾರದು, ಮನಸ್ಸು ನೋಯಿಸಬಾರದು ಅಂತ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಹೇಳುತ್ತದೆ. ಆ ಕಾಯ್ದೆ 2010ರ ಏಪ್ರಿಲ್‌ನಿಂದ ಜಾರಿಯಲ್ಲಿತ್ತು. ನನಗೆ ಗೊತ್ತೂ ಇತ್ತು. ಆದರೂ ಹೊಡೆದೆ. ಅವತ್ತು ಒಂದೇ ಸಲ ಅಲ್ಲ, ಆ ವರ್ಷ ಪೂರ್ತಿ. ಇದನ್ನು ಮುಚ್ಚಿಟ್ಟು ಈ ಪತ್ರ ಬರೆಯಲು ನನಗೆ ಹಕ್ಕಿಲ್ಲ.

ಇದಾಗಿ ಎಷ್ಟೋ ವರ್ಷದ ಮೇಲೆ ನನ್ನ ತಂಗಿಯ ಮೊಮ್ಮಗಳನ್ನು ಬೆಂಗಳೂರಿನಲ್ಲಿ ಮಕ್ಕಳ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋಗಬೇಕಾಯಿತು. ಅವಳ ಅಮ್ಮನಿಗೆ ಧೈರ್ಯ ಸಾಲದೆ ನನ್ನನ್ನೂ ಕರೆದಿದ್ದಳು. ಆ ಮಗು ಚಕ್ರನಿಗೆ ಪೂರಾ ಉಲ್ಟಾ. ಸದ್ದಿಲ್ಲದ ಹುಡುಗಿ. ಕಿಟಕಿಯ ಪಕ್ಕ ಕೂತು ಸುಮ್ಮನೆ ಹೊರಗೆ ನೋಡುತ್ತಾಳೆ. ಬೋರ್ಡಿನಿಂದ ಬರೆದುಕೊಳ್ಳುವಾಗ ತಲೆ ಎತ್ತಿ ತಗ್ಗಿಸುವಷ್ಟರಲ್ಲಿ ಯಾವ ಸಾಲಿನಲ್ಲಿದ್ದೆ ಅನ್ನುವುದೇ ಮರೆತುಹೋಗುತ್ತದೆ. ಹೋಂವರ್ಕ್ ಮಾಡಿರುತ್ತಾಳೆ, ಪುಸ್ತಕ ಮನೆಯಲ್ಲೇ ಬಿಟ್ಟಿರುತ್ತಾಳೆ. ಸ್ನಾನಕ್ಕೆ ಹೋಗು ಅಂದರೆ ಬಚ್ಚಲ ಬಾಗಿಲಲ್ಲಿ ಟವೆಲ್ ಹಿಡಿದು ನಿಂತಿರುತ್ತಾಳೆ.

ಡಾಕ್ಟರಮ್ಮ ಒಂದೊಂದೇ ಪ್ರಶ್ನೆ ಕೇಳುತ್ತಾ ಹೋದರು. ಸಣ್ಣಪುಟ್ಟ ತಪ್ಪು ಜಾಸ್ತಿ ಮಾಡುತ್ತಾಳಾ? ಎದುರಿಗೇ ಮಾತಾಡಿದರೂ ಕೇಳಿಸದ ಹಾಗೆ ಇರುತ್ತಾಳಾ? ಹಿಡಿದ ಕೆಲಸ ಅರ್ಧಕ್ಕೇ ಬಿಡುತ್ತಾಳಾ? ವಸ್ತು ಕಳೆಯುತ್ತಾಳಾ? ಆಮೇಲೆ ಎರಡನೇ ಭಾಗ. ಕೂತಲ್ಲೇ ಕೈಕಾಲು ಆಡಿಸುತ್ತಾಳಾ? ಕ್ಲಾಸಿನಲ್ಲಿ ಎದ್ದು ಓಡಾಡುತ್ತಾಳಾ? ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಹೇಳಿಬಿಡುತ್ತಾಳಾ? ಸರದಿ ಕಾಯುವುದು ಕಷ್ಟವಾ? ಎರಡನೇ ಭಾಗಕ್ಕೆ ನಮ್ಮ ಹುಡುಗಿಯ ಅಮ್ಮ 'ಇಲ್ಲ, ಇಲ್ಲ' ಅನ್ನುತ್ತಿದ್ದಳು. ನಾನು ಮನಸ್ಸಿನಲ್ಲೇ 'ಹೌದು, ಹೌದು' ಅನ್ನುತ್ತಿದ್ದೆ. ನನ್ನ ಕಣ್ಣ ಮುಂದೆ ಚಕ್ರ ನಿಂತಿದ್ದ, ಒಂದೇ ಚಪ್ಪಲಿ ಹಾಕಿಕೊಂಡು.

ಅವತ್ತು ಮೊದಲ ಸಲ ಎಡಿಎಚ್‌ಡಿ ಅನ್ನುವ ಹೆಸರು ಸರಿಯಾಗಿ ಕೇಳಿದೆ. ಗಮನದ ಕೊರತೆ, ಅತಿಯಾದ ಚಟುವಟಿಕೆ ಅಂತ ಕನ್ನಡದಲ್ಲಿ ಹೇಳುತ್ತಾರೆ. ಕೆಲವು ಮಕ್ಕಳಲ್ಲಿ ಗಮನದ ಕೊರತೆ ಮಾತ್ರ ಎದ್ದು ಕಾಣುತ್ತದೆ, ಕೆಲವರಲ್ಲಿ ಓಡಾಟ ಮತ್ತು ಆತುರ, ಎಷ್ಟೋ ಮಕ್ಕಳಲ್ಲಿ ಎರಡೂ. ಗಮನ ಮಾತ್ರ ತಪ್ಪುವ ಮಕ್ಕಳು, ಅದರಲ್ಲೂ ಹುಡುಗಿಯರು, ಯಾರ ಕಣ್ಣಿಗೂ ಬೀಳುವುದಿಲ್ಲ. ಯಾರಿಗೂ ತೊಂದರೆ ಕೊಡುವುದಿಲ್ಲವಲ್ಲ.

ಡಾಕ್ಟರಮ್ಮ ಹೇಳಿದ ಒಂದು ಮಾತಿನಿಂದಲೇ ಈ ಪತ್ರ ಹುಟ್ಟಿದ್ದು. "ಇದಕ್ಕೆ ರಕ್ತಪರೀಕ್ಷೆ ಇಲ್ಲ, ಸ್ಕ್ಯಾನ್ ಇಲ್ಲ. ಮನೆಯವರು ಏನು ನೋಡಿದ್ದಾರೆ, ಟೀಚರ್ ಏನು ನೋಡಿದ್ದಾರೆ, ಅದೇ ನಮಗೆ ಆಧಾರ" ಅಂದರು. ಆ ಎರಡು ಭಾಗಗಳಲ್ಲಿ ಒಂದರಲ್ಲಾದರೂ ಒಂಬತ್ತು ಲಕ್ಷಣಗಳಲ್ಲಿ ಕನಿಷ್ಠ ಆರು ಇರಬೇಕು. ಆರು ತಿಂಗಳಾದರೂ ಇರಬೇಕು. 12 ವರ್ಷ ತುಂಬುವ ಮೊದಲೇ ಶುರುವಾಗಿರಬೇಕು. ಮನೆ, ಶಾಲೆ ಹೀಗೆ ಕನಿಷ್ಠ ಎರಡು ಕಡೆ ಕಾಣಿಸಬೇಕು. ಅದಕ್ಕೇ ಹುಡುಗಿಯ ಕ್ಲಾಸ್ ಟೀಚರಿಗೆ ಅಂತ ಒಂದು ಫಾರಂ ಕೊಟ್ಟು ಕಳಿಸಿದರು. ಒಂದು ವಾರದ ಮೇಲೆ ಆ ಫಾರಂ ವಾಪಸ್ ಬಂತು. ಎಲ್ಲ ಪ್ರಶ್ನೆಗೂ 'ಇಲ್ಲ' ಅಂತ ಟಿಕ್. ಕೆಳಗೆ ಒಂದು ಸಾಲು: 'ಒಳ್ಳೆಯ ಹುಡುಗಿ, ತರಗತಿಯಲ್ಲಿ ಸುಮ್ಮನೆ ಕೂರುತ್ತಾಳೆ.'

ಆ ಟೀಚರಮ್ಮನ ಮೇಲೆ ನನಗೆ ಸ್ವಲ್ಪವೂ ಸಿಟ್ಟು ಬರಲಿಲ್ಲ. 2012ರಲ್ಲಿ ನನ್ನ ಕೈಗೆ ಆ ಫಾರಂ ಕೊಟ್ಟಿದ್ದರೆ ನಾನೂ ಕೆಳಗೆ ಬರೆಯುತ್ತಿದ್ದೆ: 'ಶಿಸ್ತು ಇಲ್ಲ, ಮನೆಯಲ್ಲಿ ಹೇಳುವವರು ಕೇಳುವವರು ಇಲ್ಲ.'

ಸಚಿವರೇ, ಈ ತೊಂದರೆಯನ್ನು ಗುರುತಿಸುವುದಕ್ಕೆ ಮೇಷ್ಟ್ರ ಕಣ್ಣು ಬೇಕೇ ಬೇಕು. ಆ ಕಣ್ಣಿಗೆ ನೋಡುವುದನ್ನು ನಾವು ಯಾರೂ ಕಲಿಸಿಲ್ಲ. ನಾನು ಹೇಳಬೇಕಾಗಿರುವುದು ಇಷ್ಟೇ. ಮುಂದಿನದೆಲ್ಲ ಇದಕ್ಕೆ ಸೇರಿದ್ದು.

ಆಮೇಲೆ ನಾನು ಸಿಕ್ಕಿದ್ದನ್ನೆಲ್ಲ ಓದಿದೆ. ಡಾಕ್ಟರ್‌ಗಳನ್ನು ಕೇಳಿದೆ. 1902ರಲ್ಲೇ ಲಂಡನ್ನಿನಲ್ಲಿ ಜಾರ್ಜ್ ಸ್ಟಿಲ್ ಎಂಬ ಮಕ್ಕಳ ಡಾಕ್ಟರ್ ಇಂಥ ಮಕ್ಕಳ ಬಗ್ಗೆ ಉಪನ್ಯಾಸ ಕೊಟ್ಟಿದ್ದರು. ಬುದ್ಧಿಗೆ ಕೊರತೆ ಇಲ್ಲ, ಆದರೂ ತಮ್ಮನ್ನು ತಾವು ಹಿಡಿದಿಟ್ಟುಕೊಳ್ಳಲು ಆಗುವುದಿಲ್ಲ ಅಂತ. ಅವರು ಅದನ್ನು ನೈತಿಕ ಹಿಡಿತದ ಕೊರತೆ ಎಂದು ಕರೆದರು. ಅಲ್ಲಿಂದ ಇಲ್ಲಿಗೆ ವಿಜ್ಞಾನ ಎಷ್ಟೋ ಮುಂದೆ ಬಂದಿದೆ. ನಮ್ಮ ಸ್ಟಾಫ್ ರೂಮಿನ ಮಾತು ಮಾತ್ರ ಆ 1902ರ ಹೆಸರಿನಲ್ಲೇ ನಿಂತಿದೆ. 'ಸೊಕ್ಕು ಜಾಸ್ತಿ', 'ಮುದ್ದು ಮಾಡಿ ಕೆಡಿಸಿದ್ದಾರೆ', 'ಎರಡು ಬಿಟ್ಟರೆ ಸರಿಹೋಗುತ್ತಾನೆ'.

ಸರಿಹೋಗುವುದಿಲ್ಲ. ಹೊಡೆತಕ್ಕೆ ಬಗ್ಗಲು ಇದು ಹಟವಲ್ಲ. ಇದು ಹೆಚ್ಚಾಗಿ ವಂಶದಲ್ಲಿ ಬರುವಂಥದ್ದು. ಎಷ್ಟೋ ಅಪ್ಪಂದಿರು "ನಾನೂ ಚಿಕ್ಕವನಿದ್ದಾಗ ಹೀಗೇ ಇದ್ದೆ ಮಿಸ್, ಈಗ ಸರಿಯಾಗಿಲ್ವಾ?" ಅನ್ನುತ್ತಾರೆ. ಮೊದಲೆಲ್ಲ ಅದನ್ನು ಕೇಳಿ ನಗುತ್ತಿದ್ದೆ. ಈಗ ಪಕ್ಕದಲ್ಲಿ ಕೂರಿಸಿಕೊಂಡು ಕೇಳುತ್ತೇನೆ. ಬೆಲ್ಲ, ಸಕ್ಕರೆ ತಿಂದಿದ್ದಕ್ಕೆ ಇದು ಬರುವುದಿಲ್ಲ. ದೃಷ್ಟಿ ತಾಗಿ ಬರುವುದಿಲ್ಲ. ಅಮ್ಮ ಸರಿಯಾಗಿ ಬೆಳೆಸಲಿಲ್ಲ ಅಂತಲೂ ಬರುವುದಿಲ್ಲ. ಈ ಕೊನೆಯ ಮಾತನ್ನು ಊರಿಗೆಲ್ಲ ಕೇಳುವ ಹಾಗೆ ಹೇಳಬೇಕು. ಅತ್ತೆ, ನಾದಿನಿ, ಪಕ್ಕದ ಮನೆಯವರು, ನಾವು ಟೀಚರ್‌ಗಳು, ಎಲ್ಲರೂ ಸೇರಿ ಆ ಅಮ್ಮಂದಿರ ತಲೆಯ ಮೇಲೆ ಎಷ್ಟು ಹೊರಿಸಿದ್ದೇವೆ ಅಂತ ನೆನೆದರೆ ಹೊಟ್ಟೆ ಉರಿಯುತ್ತದೆ.

2007ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯ ಸಂಶೋಧಕರು ಮಕ್ಕಳ ಮಿದುಳಿನ ಚಿತ್ರಗಳನ್ನು ತೆಗೆದು ನೋಡಿದರು. ಮಿದುಳಿನ ಹೊರಪದರ ಬೆಳೆಯುತ್ತಾ ತನ್ನ ಪೂರ್ತಿ ದಪ್ಪಕ್ಕೆ ಬರುವುದು ಉಳಿದ ಮಕ್ಕಳಲ್ಲಿ ಸುಮಾರು ಏಳೂವರೆ ವರ್ಷಕ್ಕೆ. ಈ ಮಕ್ಕಳಲ್ಲಿ ಸುಮಾರು ಹತ್ತೂವರೆಗೆ. ಬೆಳವಣಿಗೆಯ ದಾರಿ ಒಂದೇ, ತಲುಪುವುದು ತಡ. ಅದರಲ್ಲೂ ತಡೆದು ಯೋಚಿಸುವ, ಗಮನ ಹಿಡಿದಿಡುವ ಮುಂಭಾಗದಲ್ಲಿ ತಡ ಜಾಸ್ತಿ. ಇದನ್ನು ಓದಿದ ದಿನ ನಾನು ಬೆರಳು ಮಡಚಿ ಲೆಕ್ಕ ಹಾಕಿದೆ. ನಾಲ್ಕನೇ ಕ್ಲಾಸಿಗೆ ಬಂದಾಗ ಚಕ್ರನಿಗೆ ಒಂಬತ್ತು ವರ್ಷ.

ಇನ್ನೊಂದು ವಿಷಯ ನನ್ನನ್ನು ಬಹಳ ದಿನ ಕಾಡಿತು. ಇದೇ ಹುಡುಗ ಸೈಕಲ್ ಚೈನು ಕಳಚಿ ಜೋಡಿಸಲು ಕೂತರೆ ಒಂದು ಗಂಟೆ ಅಲುಗಾಡುತ್ತಿರಲಿಲ್ಲ. ಹಾಗಾದರೆ ಗಮನ ಇದೆ ಅಂತಾಯಿತು ಅಲ್ವಾ? ಡಾಕ್ಟರಮ್ಮನನ್ನೇ ಕೇಳಿದೆ. "ಗಮನ ಇರುತ್ತದೆ. ಬೇಕಾದಾಗ ಬೇಕಾದ ಕಡೆ ತಿರುಗಿಸುವುದು ಅವರ ಕೈಲಿರುವುದಿಲ್ಲ" ಅಂದರು. ಮನಸ್ಸಿಗೆ ಹಿಡಿಸಿದ್ದರಲ್ಲಿ ಮುಳುಗಿದರೆ ಏಳುವುದೂ ಕಷ್ಟ, ಹಿಡಿಸದ್ದರಲ್ಲಿ ನಿಲ್ಲುವುದೂ ಕಷ್ಟ. ನಾವು ಮೊದಲನೆಯದನ್ನು ನೋಡಿ 'ಬೇಕು ಅಂದರೆ ಮಾಡ್ತಾನೆ' ಅಂತ ತೀರ್ಮಾನ ಮಾಡುತ್ತೇವೆ.

ಈಗ ನಮ್ಮ ಶಾಲೆಗೆ ಬರುತ್ತೇನೆ. ಚಕ್ರ ಒಂದರಿಂದ ಮೂರನೇ ಕ್ಲಾಸಿನ ತನಕ ನಲಿ-ಕಲಿಯಲ್ಲಿದ್ದ. ಅಲ್ಲಿ ಅವನ ಬಗ್ಗೆ ಒಂದು ದೂರೂ ಇರಲಿಲ್ಲ. "ಓಡಾಡ್ತಾನೆ, ಆದರೆ ಕಲಿಕಾ ಏಣಿಯನ್ನ ಎಲ್ಲರಿಗಿಂತ ಮೊದಲು ಹತ್ತುತ್ತಾನೆ" ಅಂತ ನಲಿ-ಕಲಿಯ ಟೀಚರ್ ಹೇಳಿದ್ದರು. ನಲಿ-ಕಲಿಯ ಕೊಠಡಿಗೆ ನೀವೂ ಹೋಗಿರುತ್ತೀರಿ. ಮಕ್ಕಳು ಗುಂಪಾಗಿ ನೆಲದ ಮೇಲೆ ಕೂರುತ್ತಾರೆ. ಎದ್ದು ಹೋಗಿ ಕಾರ್ಡು ತರುತ್ತಾರೆ. ಗೋಡೆಯ ಕೆಳಗಿನ ಕಪ್ಪುಹಲಗೆಯಲ್ಲಿ ತಮ್ಮ ಜಾಗದಲ್ಲಿ ಬರೆಯುತ್ತಾರೆ. ಒಂದು ಗುಂಪಿನಿಂದ ಇನ್ನೊಂದು ಗುಂಪಿಗೆ ಹೋಗುತ್ತಾರೆ. ಕೆಲಸ ಚಿಕ್ಕಚಿಕ್ಕದು, ಮುಗಿದ ಕೂಡಲೇ ಮುಂದಿನ ಮೆಟ್ಟಿಲು. ಅಲ್ಲಿ ಎದ್ದು ಓಡಾಡುವುದು ತಪ್ಪಲ್ಲ. ಅದೇ ಪಾಠ.

ಜೂನ್ ತಿಂಗಳಲ್ಲಿ ಅದೇ ಮಗು ಪಕ್ಕದ ಕೊಠಡಿಗೆ ಬರುತ್ತದೆ. ಅಲ್ಲಿ ಬೆಂಚು. ನಲವತ್ತು ನಿಮಿಷ. ಟೀಚರ್ ಮಾತಾಡಬೇಕು, ಮಗು ಕೇಳಬೇಕು. ಬೇಸಿಗೆ ರಜೆಯಲ್ಲಿ ಮಗು ಬದಲಾಗಿರಲಿಲ್ಲ. ಬದಲಾಗಿದ್ದು ಕೊಠಡಿ. ಅಲ್ಲಿಯ ತನಕ ಚುರುಕು ಅನಿಸಿಕೊಂಡಿದ್ದವನು ನನ್ನ ಬಾಗಿಲು ದಾಟಿದ ಕೂಡಲೇ ಕೆಟ್ಟ ಹುಡುಗನಾದ.

ನಲಿ-ಕಲಿಯನ್ನು ಕಟ್ಟಿದವರು ನಮ್ಮ ಮೇಷ್ಟ್ರುಗಳೇ. 1995ರಲ್ಲಿ ಎಚ್.ಡಿ.ಕೋಟೆಯ ಸರ್ಕಾರಿ ಶಾಲೆಗಳಲ್ಲಿ, ಆಂಧ್ರದ ರಿಷಿ ವ್ಯಾಲಿ ಶಾಲೆಯಲ್ಲಿ ನೋಡಿ ಬಂದದ್ದನ್ನು ನಮ್ಮ ಮಣ್ಣಿಗೆ ಹೊಂದಿಸಿಕೊಂಡು ಶುರು ಮಾಡಿದರು. ನಾಲ್ಕು, ಐದನೇ ಕ್ಲಾಸಿಗೂ ಅದರ ಸ್ವಲ್ಪ ಗಾಳಿ ಬರಲಿ ಅಂತ ನಾನು ಕೇಳುತ್ತಿದ್ದೇನೆ. ಇದಕ್ಕೆ ಹೊಸ ದುಡ್ಡು ಬೇಡ. ನಾನು ಈಗ ಮಾಡುತ್ತಿರುವುದನ್ನು ಹೇಳುತ್ತೇನೆ. ಇಪ್ಪತ್ತು ಲೆಕ್ಕ ಒಟ್ಟಿಗೆ ಕೊಡುವುದಿಲ್ಲ. ಐದು ಕೊಡುತ್ತೇನೆ, ಮುಗಿದ ಮೇಲೆ ನನ್ನ ಮೇಜಿಗೆ ತಂದು ತೋರಿಸಬೇಕು, ಆಮೇಲೆ ಇನ್ನೈದು. ತಂದು ತೋರಿಸುವ ನೆಪದಲ್ಲಿ ನಾಲ್ಕು ಹೆಜ್ಜೆ ನಡೆದಂತಾಗುತ್ತದೆ. ಕೂರಲಾರದ ಮಗುವಿಗೆ ಸೀಮೆಸುಣ್ಣ ತರುವ, ಪುಸ್ತಕ ಹಂಚುವ, ಬೋರ್ಡು ಒರೆಸುವ ಕೆಲಸ. ಜಾಗ ಮುಂದಿನ ಸಾಲಿನಲ್ಲಿ, ಬಾಗಿಲು ಕಿಟಕಿಯಿಂದ ದೂರ, ನನ್ನ ಕೈಗೆ ಸಿಗುವಷ್ಟು ಹತ್ತಿರ. ಗಮನ ಹಾರಿದಾಗ ಹೆಸರು ಹಿಡಿದು ಕೂಗುವುದಿಲ್ಲ, ಡೆಸ್ಕಿನ ಮೇಲೆ ಮೆಲ್ಲಗೆ ಬೆರಳಿಡುತ್ತೇನೆ. ಒಂದು ಸಲಕ್ಕೆ ಒಂದೇ ಮಾತು: 'ಪುಸ್ತಕ ತೆಗಿ.' ತೆಗೆದ ಮೇಲೆ, '32ನೇ ಪುಟ.' ಸರಿ ಮಾಡಿದ ಆ ಕ್ಷಣಕ್ಕೇ 'ಶಭಾಷ್', ಸಾಯಂಕಾಲದ ತನಕ ಕಾಯುವುದಿಲ್ಲ. ಪರೀಕ್ಷೆಯ ದಿನ ಕ್ಲಾಸಿಗೆಲ್ಲ ಕೇಳುವಂತೆ "ಹಾಳೆ ಮಗುಚಿ ನೋಡ್ರಪ್ಪಾ" ಅನ್ನುತ್ತೇನೆ.

ಇದರಿಂದ ಉಳಿದ ಮಕ್ಕಳಿಗೆ ಏನೂ ನಷ್ಟವಿಲ್ಲ. ಅವರಿಗೂ ಒಳ್ಳೆಯದೇ ಆಗಿದೆ.

ಆದರೆ ಟೀಚರ್ ಒಬ್ಬಳೇ ಮಾಡಲು ಆಗದ್ದೂ ಇದೆ. ಕೇಂದ್ರದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ, ಅಂದರೆ ನಾವೆಲ್ಲ ಆರ್‌ಬಿಎಸ್‌ಕೆ ಅನ್ನುವುದು, 2013ರಲ್ಲಿ ಶುರುವಾಯಿತು. ಮಕ್ಕಳ ಆರೋಗ್ಯ ಪರೀಕ್ಷೆ ಮಾಡಲು ವರ್ಷಕ್ಕೊಂದು ಸಲ ಅವರ ತಂಡದ ಗಾಡಿ ಶಾಲೆಗೆ ಬರುತ್ತದೆ. ಆ ಕಾರ್ಯಕ್ರಮದಲ್ಲಿ ನೋಡಬೇಕಾದ ತೊಂದರೆಗಳ ಪಟ್ಟಿ ಇದೆ. ಹಲ್ಲು, ಕಣ್ಣು, ಕಿವಿ, ರಕ್ತಹೀನತೆಯ ಜೊತೆಗೆ ಕಲಿಕೆಯ ತೊಂದರೆ, ಎಡಿಎಚ್‌ಡಿ ಎರಡರ ಹೆಸರೂ ಅದರಲ್ಲಿವೆ. ನನಗೆ ಇದು ಗೊತ್ತಾಗಿದ್ದು ಮೊನ್ನೆ ಮೊನ್ನೆ. ಇಷ್ಟು ವರ್ಷ ಆ ತಂಡ ಬಂದಾಗ ನಾವು ಮಕ್ಕಳನ್ನು ಸಾಲಾಗಿ ನಿಲ್ಲಿಸಿದ್ದೇವೆ, ತೂಕ ಬರೆಸಿದ್ದೇವೆ, ಟೀ ಕೊಟ್ಟು ಕಳಿಸಿದ್ದೇವೆ. ಒಂದೇ ದಿನದಲ್ಲಿ ಇಡೀ ಶಾಲೆ ನೋಡುವ ಡಾಕ್ಟರಿಗೆ ಒಂದು ಮಗುವಿನ ಮುಂದೆ ಸಿಗುವುದು ಕೆಲವೇ ನಿಮಿಷ. ಅಷ್ಟರಲ್ಲಿ ಎಡಿಎಚ್‌ಡಿ ಕಾಣುವುದಿಲ್ಲ. ವರ್ಷವಿಡೀ ಆ ಮಗುವನ್ನು ನೋಡುವವಳು ನಾನು. ಗಾಡಿ ಬರುವ ಹದಿನೈದು ದಿನ ಮುಂಚೆ ನಮ್ಮ ಕೈಗೆ ಕನ್ನಡದಲ್ಲಿ ಒಂದು ಪುಟದ ಪ್ರಶ್ನೆಗಳನ್ನು ಕೊಡಿಸಿ. ಅನುಮಾನ ಇರುವ ಮಕ್ಕಳ ಬಗ್ಗೆ ನಾವು ತುಂಬಿಡುತ್ತೇವೆ. ತಂಡ ಆ ಹಾಳೆ ನೋಡಿ ಜಿಲ್ಲಾ ಕೇಂದ್ರಕ್ಕೆ ಕಳಿಸಲಿ. ಆರೋಗ್ಯ ಇಲಾಖೆಯ ಸಚಿವರ ಜೊತೆ ನೀವು ಒಮ್ಮೆ ಕೂತು ಮಾತಾಡಿದರೆ ಆಗುವ ಕೆಲಸ ಇದು.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಇದನ್ನು ಕಲಿತ ಹೊಸದರಲ್ಲಿ ನನಗೆ ತುಂಟ ಮಕ್ಕಳೆಲ್ಲ ಎಡಿಎಚ್‌ಡಿ ಥರ ಕಂಡರು. ಅದು ತಪ್ಪು. ಪ್ರಪಂಚದಾದ್ಯಂತ ನೂರು ಮಕ್ಕಳಲ್ಲಿ ಸುಮಾರು ಐದು ಮಕ್ಕಳಿಗೆ ಇದು ಇರುತ್ತದೆ ಅನ್ನುತ್ತಾರೆ. ನಲವತ್ತು ಮಕ್ಕಳ ಕ್ಲಾಸಿನಲ್ಲಿ ಒಬ್ಬರೋ ಇಬ್ಬರೋ. ಕಿವಿ ಸರಿಯಾಗಿ ಕೇಳದ ಮಗುವೂ ಗಮನ ಕೊಡುವುದಿಲ್ಲ. ರಾತ್ರಿ ನಿದ್ದೆ ಇಲ್ಲದ ಮಗು, ಮನೆಯಲ್ಲಿ ಕುಡಿದು ಗಲಾಟೆ ಮಾಡುವವರಿರುವ ಮಗು, ಕ್ಲಾಸಿನಲ್ಲೇ ಎಲ್ಲರಿಗಿಂತ ಚಿಕ್ಕ ವಯಸ್ಸಿನ ಮಗು, ಇವರೂ ಹಾಗೇ ಕಾಣಬಹುದು. ಹೆಸರಿಡುವುದು ಡಾಕ್ಟರ ಕೆಲಸ. ನಮ್ಮದು ನೋಡುವುದು, ಬರೆಯುವುದು, ಕಳಿಸುವುದು.

ಕಳಿಸಿದ ಮೇಲೆ ಔಷಧಿಯ ಮಾತು ಬರುತ್ತದೆ. ಮಾತ್ರೆ ಅಂದ ತಕ್ಷಣ ಮನೆಯವರು ಹೆದರುತ್ತಾರೆ, ನಾವು ಇನ್ನೂ ಹೆದರಿಸುತ್ತೇವೆ. ಆರು ವರ್ಷದೊಳಗಿನ ಮಕ್ಕಳಿಗೆ ಮೊದಲು ಮಾತ್ರೆಯಲ್ಲ, ಅಪ್ಪ ಅಮ್ಮನಿಗೆ ತರಬೇತಿ. ದೊಡ್ಡ ಮಕ್ಕಳಲ್ಲಿ ಬೇಕಾದವರಿಗೆ ಮಾತ್ರೆ, ಅದರ ಜೊತೆ ನಡವಳಿಕೆಯ ತರಬೇತಿ, ಶಾಲೆಯ ಸಹಕಾರ. ಮೀಥೈಲ್‌ಫೆನಿಡೇಟ್ ಅನ್ನುವ ಮುಖ್ಯ ಔಷಧಿ 1985ರ ಮಾದಕ ವಸ್ತು ಕಾಯ್ದೆಯ ಪಟ್ಟಿಯಲ್ಲಿರುವುದರಿಂದ ಎಲ್ಲ ಮೆಡಿಕಲ್ ಶಾಪಿನಲ್ಲೂ ಸಿಗುವುದಿಲ್ಲ. ಕೂಲಿ ಬಿಟ್ಟು ರೈಲು ಹತ್ತಿ ಬೆಂಗಳೂರಿಗೆ ಹೋಗಿ ತರುವ ಅಮ್ಮ ಎಷ್ಟು ತಿಂಗಳು ಹೋದಾಳು? ಆ ಔಷಧಿ ತೆಗೆದುಕೊಳ್ಳುವ ಮಗುವಿಗೆ ಮಧ್ಯಾಹ್ನ ಹಸಿವು ಕಡಿಮೆ. ತಟ್ಟೆಯಲ್ಲಿ ಅನ್ನ ಬಿಟ್ಟರೆ ನಾವು ಬೈಯುತ್ತೇವೆ. ಇಷ್ಟು ಸಣ್ಣ ವಿಷಯ ಕೂಡ ಟೀಚರಿಗೆ ಗೊತ್ತಿರಬೇಕು ಅಲ್ವಾ?

ನಮ್ಮ ತರಬೇತಿಗಳ ಬಗ್ಗೆ ಬೇಜಾರು ಮಾಡಿಕೊಳ್ಳದೆ ಕೇಳಿ. ಸಮನ್ವಯ ಶಿಕ್ಷಣ, ಅಂದರೆ ವಿಶೇಷ ಅಗತ್ಯದ ಮಕ್ಕಳಿಗೂ ಎಲ್ಲರ ಜೊತೆಯಲ್ಲೇ ಕಲಿಸುವುದು, ಅಂತ ನಾವು ಮೊಬೈಲಿನಲ್ಲಿ ವಿಡಿಯೋ ನೋಡಿದ್ದೇವೆ, ಸರ್ಟಿಫಿಕೇಟು ಪಡೆದಿದ್ದೇವೆ. ನನ್ನ ತಲೆಯಲ್ಲಿ ಅದರಿಂದ ಒಂದು ಮಗುವಿನ ಮುಖವೂ ಉಳಿಯಲಿಲ್ಲ. ಡಾಕ್ಟರಮ್ಮನ ಎದುರು ಕೂತ ನಲವತ್ತು ನಿಮಿಷ ನನಗೆ ಕಲಿಸಿದ್ದನ್ನು ಯಾವ ತರಬೇತಿಯೂ ಕಲಿಸಲಿಲ್ಲ. ಮಾನಸಿಕ ಆರೋಗ್ಯದ ಸಂಸ್ಥೆಗಳು ಅಂತ ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ, ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ. ತಾಲ್ಲೂಕಿನಲ್ಲಿ ವಿಶೇಷ ಅಗತ್ಯದ ಮಕ್ಕಳಿಗಾಗಿ ಇರುವ ಸಂಪನ್ಮೂಲ ಶಿಕ್ಷಕರು, ಅಂದರೆ ಬಿಐಇಆರ್‌ಟಿಗಳಿದ್ದಾರೆ. ಅವರಿಗೆ ನಿಮ್ಹಾನ್ಸ್‌ನವರಿಂದ ಕಲಿಸಿ, ಅವರು ನಮ್ಮ ಕ್ಲಸ್ಟರ್ ಸಭೆಗೆ ಬಂದು ಅರ್ಧ ದಿನ ಎದುರಿಗೆ ಕೂತು ಮಾತಾಡಲಿ. ನಮ್ಮ ಕ್ಲಾಸಿನ ಮಕ್ಕಳನ್ನು ಇಟ್ಟುಕೊಂಡೇ ಮಾತಾಡಲಿ.

ಕೊನೆಯದು ಪರೀಕ್ಷೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ತೊಂದರೆಗಳ ಪಟ್ಟಿ ಇದೆ. ಆಟಿಸಂ ಇದೆ, ನಿರ್ದಿಷ್ಟ ಕಲಿಕಾ ನ್ಯೂನತೆ ಇದೆ. ಎಡಿಎಚ್‌ಡಿ ಇಲ್ಲ. ಪಟ್ಟಿಯಲ್ಲಿ ಹೆಸರೇ ಇಲ್ಲದಿದ್ದರೆ ಆ ಮಗು ಯಾವ ಸರ್ಟಿಫಿಕೇಟು ಹಿಡಿದುಕೊಂಡು ಎಸ್ಸೆಸ್ಸೆಲ್ಸಿಯಲ್ಲಿ ಅರ್ಧ ಗಂಟೆ ಹೆಚ್ಚಿಗೆ ಕೇಳಬೇಕು? ಕೇಂದ್ರ ಸರ್ಕಾರ ಆ ಪಟ್ಟಿಗೆ ಇನ್ನೂ ಸೇರಿಸಬಹುದು ಅಂತ ಕಾಯ್ದೆಯಲ್ಲೇ ಬರೆದಿದೆ. ಸೇರಿಸಿ ಅಂತ ನಮ್ಮ ರಾಜ್ಯದಿಂದ ಪತ್ರ ಹೋಗಲಿ. ಅಲ್ಲಿಯ ತನಕ ಮನೋವೈದ್ಯರು ಬರೆದುಕೊಟ್ಟ ಚೀಟಿಯನ್ನು ನಮ್ಮ ಪರೀಕ್ಷಾ ಮಂಡಳಿ ಒಪ್ಪಿಕೊಳ್ಳಲಿ.

ಎರಡು ವರ್ಷದ ಹಿಂದೆ ತಿಪಟೂರು ಸಂತೆಯಲ್ಲಿ ಚಕ್ರ ಸಿಕ್ಕಿದ. ಹೈಸ್ಕೂಲಿನಲ್ಲೇ ಓದು ಬಿಟ್ಟಿದ್ದ. ತೆಂಗಿನಕಾಯಿ ಲಾರಿಗೆ ಲೋಡು ಮಾಡಿಸುತ್ತಿದ್ದ. ನನ್ನನ್ನು ಕಂಡವನೇ ಓಡಿಬಂದು ಕಾಲು ಮುಟ್ಟಿದ. "ಮಿಸ್, ಊಟ ಆಯ್ತಾ?" ಅಂದ. ಮಾತಿನ ನಡುವೆ ಯಾರೋ ಕಾಯಿಯ ಲೆಕ್ಕ ಕೇಳಿದರು. ಎಷ್ಟು ಚೀಲ, ಚೀಲಕ್ಕೆ ಎಷ್ಟು, ಒಡೆದದ್ದು ಎಷ್ಟು, ಎಲ್ಲ ಕಳೆದು ಒಂದೇ ಉಸಿರಿಗೆ ಹೇಳಿದ. ನಾನು ಅವನ ಕೈ ಹಿಡಿದು, "ತಪ್ಪು ಮಾಡಿದೆ ಕಣಪ್ಪಾ, ನಿನ್ನ ಸುಮ್ಸುಮ್ನೆ ಹೊಡೀತಿದ್ದೆ" ಅಂದೆ. ಅವನು ತಲೆ ತಗ್ಗಿಸಿ ಅಂದ: "ಇಲ್ಲ ಮಿಸ್, ನಾನೇ ಸರಿ ಇರ್ಲಿಲ್ಲ." ಅವನು ಇವತ್ತಿಗೂ ಹಾಗೇ ನಂಬಿದ್ದಾನೆ. ಅದು ನಾನು ಕಲಿಸಿದ ಪಾಠ.

ಈ ವರ್ಷ ನನ್ನ ನಾಲ್ಕನೇ ಕ್ಲಾಸಿನಲ್ಲಿ ಇನ್ನೊಬ್ಬ ಹುಡುಗ ಇದ್ದಾನೆ. ಜೂನ್‌ನಿಂದ ಅವನ ಬಗ್ಗೆ ಒಂದು ನೋಟ್‌ಬುಕ್ಕಿನಲ್ಲಿ ದಿನಾ ಎರಡು ಸಾಲು ಬರೆದಿಟ್ಟಿದ್ದೇನೆ. ಅವನ ಅಮ್ಮ ಗಾರೆ ಕೆಲಸಕ್ಕೆ ಹೋಗುತ್ತಾಳೆ. ಅವಳ ಹತ್ತಿರ ಕೂತು ಮಾತಾಡಿದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್‌ನ 14416 ನಂಬರಿಗೆ ಫೋನ್ ಮಾಡಿಸಿದೆ, ಕನ್ನಡದಲ್ಲೇ ಸಮಾಧಾನವಾಗಿ ಮಾತಾಡಿದರು. ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುತ್ತಾರೆ. ಬರುವ ಮಂಗಳವಾರ ಅವರಿಬ್ಬರ ಜೊತೆ ನಾನೂ ಆ ನೋಟ್‌ಬುಕ್ ಹಿಡಿದುಕೊಂಡು ಹೋಗುತ್ತಿದ್ದೇನೆ. ಒಂದು ದಿನದ ಸಿಎಲ್‌ಗೆ ಅರ್ಜಿ ಕೊಟ್ಟಿದ್ದೇನೆ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ಪ್ರಾಥಮಿಕ ಶಾಲಾ ಶಿಕ್ಷಕಿ
ತಿಪಟೂರು ತಾಲ್ಲೂಕು, ತುಮಕೂರು ಜಿಲ್ಲೆ